ಚಾಂದ್ ಕಾಣುವ ಮೊದಲು

ಅದೇ ತಟ್ಟೆ, ಅದೇ ಜಾಗ, ಹಂಚಿನಿಂದ ಆಗತಾನೇ ಇಳಿದ ಜೋಳದ ರೊಟ್ಟಿ. ಇಷ್ಟಿದ್ದರೆ ಕೆಲವು ಮಕ್ಕಳು ಹೊಟ್ಟೆ ತುಂಬ ಉಣ್ಣುತ್ತಾರೆ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆಯ ನಾವು ಗಂಗಾವತಿಯ ನೆಂಟರ ಮನೆಗೆ ಹೋದರೆ ತಟ್ಟೆಗೆ ಬೀಳುವುದು ಕಾಲುವೆ ಸೀಮೆಯ ಅನ್ನ. ಮಗು ಎದ್ದುಬಿಡುತ್ತದೆ. ‘ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ’ ಎಂಬ ಮಾತು ಕೇಳಬೇಕಾಗುತ್ತದೆ.

ಇಂಥ ಎಲ್ಲ ಮಕ್ಕಳಿಗೂ ಆಟಿಸಂ ಇರುವುದಿಲ್ಲ, ಕೆಲವರಿಗೆ ಇರುತ್ತದೆ. 1995ರ ಅಂಗವಿಕಲರ ಕಾಯ್ದೆ ಅದನ್ನು ಹೆಸರಿಸಿರಲಿಲ್ಲ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ನಮ್ಮ ಓಣಿಗಳಲ್ಲಿ ಮಾತ್ರ ಅದರ ಹೆಸರು ಇನ್ನೂ ‘ಹಟ’.

ರಮಝಾನಿನಲ್ಲಂತೂ ಮನೆಯ ಊಟ, ನಿದ್ದೆಯ ಹೊತ್ತೇ ಬದಲಾಗುತ್ತದೆ. 29ನೇ ರೋಜಾದ ಸಂಜೆಯವರೆಗೆ ನಾಳೆ ಹಬ್ಬವೋ ಉಪವಾಸವೋ ತಿಳಿಯದು. ಅಡುಗೆಮನೆಯಲ್ಲಿ ನಾವು ಎರಡಕ್ಕೂ ಸಿದ್ಧ: ಶೀರ್ ಖುರ್ಮಾಕ್ಕೆ ಶ್ಯಾವಿಗೆ ಹುರಿದಿಡುತ್ತೇವೆ, ಸಹರಿಗೆ ಹಿಟ್ಟು ತೆಗೆದಿಡುತ್ತೇವೆ. ಮಗುವಿಗೂ ಬೆಳಿಗ್ಗೆಯಿಂದಲೇ ಹೇಳುತ್ತೇವೆ: ಚಾಂದ್ ಕಂಡರೆ ಹೊಸ ಅಂಗಿ, ಕಾಣದಿದ್ದರೆ ದಿನದ ಅಂಗಿ. ಎರಡನ್ನೂ ಗೂಟಕ್ಕೆ ತೂಗುಹಾಕಿ ತೋರಿಸುತ್ತೇವೆ. ನಾಳೆ ಯಾವುದೆಂದು ಗೊತ್ತಿಲ್ಲದಿದ್ದರೂ, ಎರಡರಲ್ಲೊಂದು ಎಂದು ತಿಳಿದರೆ ಎಷ್ಟೋ ಸಲ ಮಗುವಿಗೆ ಅಷ್ಟೇ ಸಾಕಾಗುತ್ತದೆ.

ರೊಟ್ಟಿ ಬಡಿದದ್ದು, ಪಾತ್ರೆ ತಿಕ್ಕಿದ್ದು, ನೀರು ತುಂಬಿದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಹತ್ತು ಸಲ ಮೊದಲೇ ಹೇಳಿದ್ದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ಕೆಲಸವನ್ನು ಹೆಂಗಸರೇ ಮಾಡಬೇಕೆಂದೇನೂ ಇಲ್ಲ. ಮಗ್ರಿಬ್ ನಮಾಜು ಮುಗಿಸಿ ಬರುವ ಗಂಡಸರು ಚಾಂದಿನ ಸುದ್ದಿಯನ್ನು ಮೊದಲು ಆ ಮಗುವಿಗೆ ಹೇಳಲಿ.