ಮೋಲ್ ಅಂದರೆ ಮೆಜೆಸ್ಟಿಕ್ಕು!

ಕೆಮಿಸ್ಟ್ರಿಯಲ್ಲಿ ಎಷ್ಟೋ ಮಕ್ಕಳ ಧೈರ್ಯ ಉಡುಗೋದು ಆಸಿಡ್ ನೋಡಿ ಅಲ್ಲ, ಮೋಲ್ ಅನ್ನೋ ಎರಡಕ್ಷರ ನೋಡಿ. ಮೊಲದಷ್ಟು ಸಾಧು ಪ್ರಾಣಿ ಅದು, ಹೆದರಿಸೋರು ನಾವೇ.

ಹೋದ ತಿಂಗಳು ಅಕ್ಕನ ಮಗಳು ಬಂದಿದ್ದಳು. ಫಸ್ಟ್ ಪಿಯುಸಿ. "ಮಾಮಾ, ನಾನು ಸೈನ್ಸ್ ಬಿಟ್ಟು ಕಾಮರ್ಸ್‌ಗೆ ಹೋಗ್ತೀನಿ" ಅಂದಳು. ಯಾಕಮ್ಮಾ ಅಂದರೆ ನೋಟ್ಸ್ ಮುಂದೆ ಹಿಡಿದಳು. ಪುಟದ ತುಂಬಾ ಬಾಣದ ಗುರುತು... ಇಲ್ಲಿ ಗುಣಿಸು, ಅಲ್ಲಿ ಭಾಗಿಸು. ಯಾಕೆ ಅನ್ನೋದು ಮಾತ್ರ ಎಲ್ಲೂ ಇಲ್ಲ.

ಕಾಮರ್ಸ್ ಏನೂ ಕಡಿಮೆಯಲ್ಲ ಬಿಡಿ. ಆದರೆ ಡಾಕ್ಟರ್ ಆಗ್ತೀನಿ ಅಂತಿದ್ದ ಹುಡುಗಿ ಒಂದು ಗುಣಾಕಾರಕ್ಕೆ ಹೆದರಿ ದಾರಿ ಬದಲಿಸೋದಾ?

ಹಾರ್ಡ್‌ವೇರ್ ಅಂಗಡಿಯವನು ಮೊಳೆಗಳನ್ನ ಎಣಿಸಿ ಕೊಡಲ್ಲ, ತೂಗಿ ಕೊಡ್ತಾನೆ. ಒಂದು ಮೊಳೆ 2 ಗ್ರಾಂ ಇದ್ದರೆ ಒಂದು ಕೆಜಿಗೆ 500 ಅಂತ ಎಣಿಸದೆಯೇ ಹೇಳಬಹುದು. ಮೋಲ್ ಮಾಡೋದೂ ಇದೇ ಕೆಲಸ. ಡಜನ್ ಅಂದರೆ 12, ಮೋಲ್ ಅಂದರೆ 6.022 × 10²³, ಅಷ್ಟೇ. 2019ರ ಮೇ 20ರಿಂದ ಇದನ್ನು 6.02214076 × 10²³ ಅಂತ ನಿಖರವಾಗಿ ನಿಗದಿ ಮಾಡಿದ್ದಾರೆ. ತಮಾಷೆ ಏನು ಗೊತ್ತಾ? ಈ ಸಂಖ್ಯೆಗೆ ಯಾರ ಹೆಸರಿಟ್ಟಿದ್ದಾರೋ ಆ ಇಟಲಿಯ ಅವೊಗಾಡ್ರೋಗೆ ಇದು ಎಷ್ಟು ಅಂತ ಗೊತ್ತೇ ಇರಲಿಲ್ಲ!

ಈಗ 36 ಗ್ರಾಂ ನೀರು ತಗೊಳ್ಳಿ. ನೀರಿನ ಒಂದು ಮೋಲ್ 18 ಗ್ರಾಂ ತೂಗುತ್ತೆ, ಹಾಗಾಗಿ ಇದು 2 ಮೋಲ್. ಅಣುಗಳೆಷ್ಟು? 2 × 6.022 × 10²³, ಅಂದರೆ 1.2044 × 10²⁴. ಒಂದೊಂದು ಅಣುವಿನಲ್ಲೂ ಎರಡು ಹೈಡ್ರೋಜನ್, ಒಂದು ಆಕ್ಸಿಜನ್, ಒಟ್ಟು ಮೂರು ಪರಮಾಣು. ಮೂರರಿಂದ ಗುಣಿಸಿದರೆ 3.6132 × 10²⁴ ಪರಮಾಣುಗಳು.

"ನೋಡು, ಗ್ರಾಂನಿಂದ ಪರಮಾಣುವಿಗೆ ಡೈರೆಕ್ಟ್ ಬಸ್ ಇಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಬಸ್ ಬದಲಿಸಬೇಕು. ಆ ಮೆಜೆಸ್ಟಿಕ್ಕೇ ಮೋಲ್. ವಾಪಸ್ ಬರುವಾಗಲೂ ಅದೇ ದಾರಿ, ಗುಣಿಸಿದ್ದನ್ನ ಭಾಗಿಸು, ಭಾಗಿಸಿದ್ದನ್ನ ಗುಣಿಸು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮಾ, ಹಂಗಾದ್ರೆ ಸಕ್ಕರೆಗೆ 45ರಿಂದ ಗುಣಿಸಬೇಕಾ?" ಅಂದಳು. ಕಾರ್ಬನ್ 12, ಹೈಡ್ರೋಜನ್ 22, ಆಕ್ಸಿಜನ್ 11... ಬೆರಳು ಮಡಿಸಿ ತಾನೇ ಕೂಡಿಕೊಂಡಿದ್ದಳು!

ಅವಳು ಸೈನ್ಸೇ ಓದ್ತಾಳೋ ಇಲ್ಲವೋ, ಅದು ಅವಳಿಷ್ಟ. ಹೆದರಿ ಬಿಡದಿದ್ದರೆ ಸಾಕು. ನಿಮ್ಮ ಮನೆಯಲ್ಲೂ ಯಾರಾದರೂ "ಗುಣಿಸಬೇಕಾ, ಭಾಗಿಸಬೇಕಾ?" ಅಂತ ಕೇಳಿದರೆ ಥಟ್ಟನೆ ಉತ್ತರ ಹೇಳಬೇಡಿ. "ನೀನು ಎಣಿಸ್ತಿರೋದು ಅಣುವನ್ನೋ, ಪರಮಾಣುವನ್ನೋ?" ಅಂತ ತಿರುಗಿ ಕೇಳಿ. ಏನಂತೀರಿ?