ಗ್ವಾದ್ಲಿ ಮುಂದಿನ ಪಡಸಾಲಿ

ನಮ್ಮ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಕ್ರಿಸ್ಮಸ್ ಕಾರ್ಡುಗಳ ಮೇಲೆ ಒಂದು ತಕರಾರಿತ್ತು. ಹುಬ್ಬಳ್ಳಿಯಿಂದ ಕಾಕಾ ತರುತ್ತಿದ್ದ ಕಾರ್ಡುಗಳನ್ನು ಅವಳು ಪಡಸಾಲೆಯ ಮಾಡದಲ್ಲಿ ಜೋಡಿಸಿ ಇಡುತ್ತಿದ್ದಳು, ಹಾಲಿಗೆ ಬಂದವರಿಗೂ ಕಡ ಕೇಳಲು ಬಂದವರಿಗೂ ತೋರಿಸುತ್ತಿದ್ದಳು. ಚಿನ್ನದ ಬಣ್ಣದ ಚುಕ್ಕೆ, ಒಂಟೆ, ಕುರಿಮರಿ ಎಲ್ಲ ಅವಳಿಗೆ ಇಷ್ಟವೇ. ಆದರೆ ಊರಾಚೆ ಬಯಲಲ್ಲಿ ಒಂಟಿಯಾಗಿ ನಿಂತ ಆ ಕೊಟ್ಟಿಗೆಯ ಹತ್ತಿರ ಬಂದಾಗ ಅವಳ ಬೆರಳು ನಿಲ್ಲುತ್ತಿತ್ತು.

“ದನಾನ ಹಿಂಗ ಊರ ಹೊರಗ ಕಟ್ಟಿದ್ರ ರಾತ್ರ್ಯಾಗ ಕಾಯವ್ರು ಯಾರು? ಚಿರತಿ ಒಯ್ಯೂದಿಲ್ಲೇನು?”

ತಂಬೂರಿನಲ್ಲಿ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಕಲಘಟಗಿ ತಾಲೂಕಿನ ಈ ಊರು ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಸಂದಿಯಲ್ಲಿದೆ. ಒಂದು ಕಡೆ ಗದ್ದೆ, ಗೋವಿನಜೋಳ. ಇನ್ನೊಂದು ಕಡೆ ದೇವಿಕೊಪ್ಪದ ಕಾಡು. ಹೊರಗಿನವರಿಗೆ ಊರು ಗೊತ್ತಿರುವುದು ಬಸವಣ್ಣನ ಹಳೆಯ ಗುಡಿಯಿಂದ. ಎತ್ತನ್ನೇ ದೇವರೆಂದು ಪೂಜಿಸುವ ಊರಿನಲ್ಲಿ ಎತ್ತು ಹೊರಗೆ, ಮನುಷ್ಯರು ಒಳಗೆ ಮಲಗುವುದು ಹೇಗೆ? ನಮ್ಮ ಮನೆಯೂ ಎಲ್ಲರ ಮನೆಯಂತೆ. ತಲಬಾಗಿಲು ದಾಟಿದರೆ ಮೊದಲು ದನ ಕಟ್ಟುವ ತಗ್ಗಿನ ಜಾಗ. ಅದರಾಚೆ ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ. ಆ ಕಟ್ಟೆಯ ಅಂಚಿಗೇ ಗ್ವಾದ್ಲಿ, ಅಂದರೆ ಮೇವು ಹಾಕುವ ಉದ್ದನೆಯ ತೊಟ್ಟಿ. ನಾವು ಪಡಸಾಲೆಯಲ್ಲಿ ಸಾಲಾಗಿ ಮಲಗಿದರೆ ನಮ್ಮ ತಲೆಗೂ ಎತ್ತಿನ ಮೂತಿಗೂ ನಡುವೆ ಇದ್ದದ್ದು ಆ ಗ್ವಾದ್ಲಿ ಒಂದೇ. ರಾತ್ರಿಯೆಲ್ಲ ಮೆಲುಕು ಹಾಕುವ ಸಪ್ಪಳ, ಆಗೊಮ್ಮೆ ಈಗೊಮ್ಮೆ ಕೊರಳ ಗಂಟೆ. ಚಳಿಗಾಲದಲ್ಲಿ ದನದ ಮೈಶಾಖವೇ ನಮಗೆ ಅರ್ಧ ಹೊದಿಕೆ.

ಕನ್ನಡ ಸತ್ಯವೇದದಲ್ಲಿ ಲೂಕ ಬರೆದ ಸುವಾರ್ತೆಯ ಎರಡನೆಯ ಅಧ್ಯಾಯಕ್ಕೆ ಬಂದರೆ ಮರಿಯಳು ಮಗುವನ್ನು ಮಲಗಿಸುವುದು ಗೋದಲಿಯಲ್ಲಿ. ಪಟ್ಟಣದ ಸಭೆಗಳಲ್ಲಿ ಈ ಪದ ಬಂದಾಗ ಸಂಡೇ ಸ್ಕೂಲಿನ ಟೀಚರು ಚಿತ್ರ ತೋರಿಸಿ ವಿವರಿಸುತ್ತಾರೆ. ನಮಗೆ ವಿವರಣೆ ಬೇಕಾಗಲಿಲ್ಲ. ಗೋದಲಿ ಎಂದರೆ ನಮ್ಮ ಗ್ವಾದ್ಲಿ, ಸಂಜೆ ನಾನೇ ಕಣಕಿ ಹಾಕಿ ಬಂದದ್ದು. ಕನ್ನಡದಲ್ಲಿ ಇಡೀ ಬೈಬಲ್ ಮೊದಲು ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ನ ದುಡಿಮೆಯಿಂದ. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಸೇರಿ ಹಲವರು ಅದನ್ನು ತಿದ್ದಿದರು. ಯಾರು ಯಾವ ಪದವನ್ನು ಇಟ್ಟರೋ, ಯಾವುದನ್ನು ತೆಗೆದರೋ, ನಮ್ಮ ಆಯಿಯ ಕೈಗೆ ಬರುವ ಹೊತ್ತಿಗೆ ಆ ಪುಸ್ತಕದಲ್ಲಿ ರೊಟ್ಟಿ, ಬೀಸುಕಲ್ಲು, ಕಣ, ಮೊರ, ಗೋದಲಿ ಎಲ್ಲ ಇದ್ದವು. ಓದುವಾಗ ಅವಳು ಪರದೇಶಕ್ಕೆ ಹೋಗುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಬರುತ್ತಿದ್ದಳು, ಅಷ್ಟೇ.

ಅವಳನ್ನು ತೊಡಕಿಗೆ ಸಿಕ್ಕಿಸಿದ ಪದ ಒಂದೇ, ಛತ್ರ. ಛತ್ರದಲ್ಲಿ ಅವರಿಗೆ ಜಾಗ ಸಿಗಲಿಲ್ಲ ಎಂದು ಅದೇ ವಾಕ್ಯದಲ್ಲಿದೆ. ಒಮ್ಮೆ ಹುಬ್ಬಳ್ಳಿಯಿಂದ ಸಭೆಯ ಅಯ್ನೋರು ಮನೆಗೆ ಬಂದಾಗ ಆಯಿ ಚಹಾದ ಕಪ್ಪು ಇಟ್ಟು ಕೇಳಿಯೇಬಿಟ್ಟಳು.

“ಅಯ್ನೋರ, ಬೆತ್ಲೆಹೇಮ್ ಯೋಸೇಫನ ಹಿರ್ಯಾರ ಊರಲ್ಲೇನ್ರಿ?”

“ಹೌದವ್ವ.”

“ಅಂದಮ್ಯಾಲ ಕಾಕಾ, ದೊಡ್ಡಪ್ಪ ಅನ್ನವ್ರು ಯಾರೂ ಇರಲಿಲ್ಲೇನ್ರಿ? ದಿನಾ ತುಂಬಿದ ಸೊಸಿನ ಕರಕೊಂಡು ಬಂದಾವ ಛತ್ರಕ್ಕ ಯಾಕ ಹೊಕ್ಕಾನ್ರಿ? ಮನಿತನದ ಮಂದಿ ಬಿಟ್ಟಾರೇನು?”

ಅಯ್ನೋರು ಒಳ್ಳೆಯವರು. ನಕ್ಕು, ಆ ಕಾಲದ ಜನರ ಕಠಿಣ ಹೃದಯದ ಬಗ್ಗೆ ಏನೋ ಹೇಳಿದರು. ಆಯಿ ತಲೆಯಾಡಿಸಿದಳು, ಒಪ್ಪಲಿಲ್ಲ. ಅವರು ಹೋದ ಮೇಲೆ ನನಗೆ ಹೇಳಿದಳು: “ಮನ್ಯಾಗ ಬೀಗರು ತುಂಬಿರಬೇಕು. ಒಳಗಿನ ಕ್ವಾಣ್ಯಾಗ ಜಾಗಾ ಇಲ್ಲ. ಪಡಸಾಲ್ಯಾಗ ಹಡದಾಳ. ಕೂಸು ಉರುಳಬಾರ್ದು ಅಂತ ಗ್ವಾದ್ಲ್ಯಾಗ ಹುಲ್ಲ ಹಾಸಿ ಮಲಗಿಸ್ಯಾರ. ನಿಮ್ಮಪ್ಪನ್ನೂ ನಾ ಹಂಗ ಮಲಗಿಸೀನಿ.”

ಎಷ್ಟೋ ವರ್ಷಗಳ ನಂತರ ನಾನು ಕೆನೆತ್ ಬೇಯ್ಲಿ ಎಂಬ ಅಮೆರಿಕದ ವಿದ್ವಾಂಸನ ಬರಹ ಓದಿದೆ. ಈಜಿಪ್ತ್, ಲೆಬನಾನ್, ಜೆರುಸಲೇಮ್ ಎಂದು ನಲವತ್ತು ವರ್ಷ ಆ ಸೀಮೆಯಲ್ಲೇ ಬದುಕಿ ಪಾಠ ಹೇಳಿದವನು. ಅವನ ವಾದ ಹೀಗೆ: ಲೂಕ ಬಳಸಿದ ಗ್ರೀಕ್ ಪದ ‘ಕತಲುಮ’. ಅದೇ ಪದವನ್ನು ಕೊನೆಯ ರಾತ್ರಿಯ ಊಟದ ಕೋಣೆಗೂ ಲೂಕನೇ ಬಳಸುತ್ತಾನೆ. ಅಲ್ಲಿ ಅದರ ಅರ್ಥ ಬಂದವರಿಗಾಗಿ ಇರುವ ಕೋಣೆ. ದುಡ್ಡು ಕೊಟ್ಟು ಇಳಿದುಕೊಳ್ಳುವ ಛತ್ರಕ್ಕೆ ಅವನ ಬಳಿ ಬೇರೆಯೇ ಪದವಿತ್ತು, ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಬರುವ ‘ಪಂದೊಖೆಯೋನ್’. ಪ್ಯಾಲೆಸ್ತೀನಿನ ಹಳ್ಳಿಮನೆಯಲ್ಲಿ ಬಾಗಿಲ ಬಳಿ ತಗ್ಗಿನಲ್ಲಿ ದನ, ಕೆಲವು ಅಡಿ ಮೇಲೆ ಮನೆಯವರು, ನಡುವಿನ ಅಂಚಿನಲ್ಲಿ ಗೋದಲಿ. ಬಂದವರ ಕೋಣೆ ತುಂಬಿದ್ದರಿಂದ ಮಗು ಹುಟ್ಟಿದ್ದು ಮನೆಯವರು ಮಲಗುವ ಜಾಗದಲ್ಲೇ. ಓದಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತೆ. ಬೇಯ್ಲಿಗೆ ನಲವತ್ತು ವರ್ಷ ಹಿಡಿಯಿತು. ಆಯಿಗೆ ದನದ ಮುಂದೆ ಮಲಗಿದ್ದೇ ಸಾಕಾಯಿತು. ಎಲ್ಲ ವಿದ್ವಾಂಸರೂ ಬೇಯ್ಲಿಯನ್ನು ಒಪ್ಪುವುದಿಲ್ಲ, ನಿಜ. ಒಪ್ಪದವರು ಯಾರೂ ಸೊಸೆಯನ್ನು ಬಾಣಂತನಕ್ಕೆ ಕೂರಿಸಿದವರಲ್ಲ ಎಂದು ನನ್ನ ಗುಮಾನಿ.

ಬಾಣಂತನ ಅಂದೆನಲ್ಲ, ಮೂಡಣ ದಿಕ್ಕಿನಿಂದ ಬಂದ ಜೋಯಿಸರ ಕಾಣಿಕೆಯ ಬಗ್ಗೆಯೂ ಆಯಿಗೆ ಅವಳದೇ ವ್ಯಾಖ್ಯಾನವಿತ್ತು. ಚಿನ್ನ, ಧೂಪ, ರಕ್ತಬೋಳ. ಚಿನ್ನ ಅರಸನಿಗೆ, ಧೂಪ ದೇವರಿಗೆ, ಬೋಳ ಮರಣದ ಗುರುತಿಗೆ ಎಂದು ಪ್ರತಿ ಡಿಸೆಂಬರಿನ ಪ್ರಸಂಗದಲ್ಲಿ ಕೇಳುತ್ತೇವೆ. ಆಯಿ ಅದನ್ನೆಲ್ಲ ಭಕ್ತಿಯಿಂದ ಕೇಳಿ ಬಸ್ಸು ಹತ್ತಿದ ಮೇಲೆ ಅನ್ನುತ್ತಿದ್ದಳು, “ಶ್ಯಾಣ್ಯಾ ಮಂದಿ ನೋಡು, ಬಾಣಂತಿ ಮನಿಗೆ ಏನ್ ಒಯ್ಬೇಕು ಅದನ್ನ ಒಯ್ದಾರ.” ನಮ್ಮ ಕಡೆ ಕೂಸಿಗೆ ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಾಕುತ್ತಾರೆ. ಹಡೆದವಳಿಗೆ ಬೋಳ ಕೊಡುವುದು ಹಳೆಯ ಪದ್ಧತಿ. ಗಾಂಧಿ ಅಂಗಡಿಯಲ್ಲಿ ಬಾಳಂತಬೋಳ ಎಂದೇ ಕೇಳಬೇಕು. ಚಿನ್ನವಂತೂ ಕೂಸಿನ ಮುಖ ನೋಡಲು ಬಂದವರು ಕೈಗೆ ಇಡುವಂಥದೇ. “ತೊಟ್ಟಲಾ ಒಂದ ಬರಲಿಲ್ಲ. ಅದು ತವರುಮನಿಯವ್ರ ತರೂದು, ಪಾಪ, ನಜರೇತು ದೂರ.” ಕಲಘಟಗಿ ತೊಟ್ಟಿಲಿನ ಸೀಮೆಯವಳಿಗೆ ಅದೊಂದು ಕೊರತೆಯಾಗಿ ಕಂಡದ್ದು ಸಹಜ. ನಮ್ಮ ಮನೆಯ ತೊಟ್ಟಿಲೂ ಕಲಘಟಗಿಯದೇ, ಕೆಂಪು ಹಳದಿ ಬಣ್ಣದ್ದು. ಉಳಿದವರ ತೊಟ್ಟಿಲಿನಲ್ಲಿ ಬಾಲಕೃಷ್ಣನ ಚಿತ್ರಗಳಿದ್ದರೆ ನಮ್ಮದರಲ್ಲಿ ಬರಿಯ ಹೂ, ಗಿಳಿ.

ಆದರೆ ಒಂದು ಪ್ರಶ್ನೆ ಅವಳಿಗೆ ಕೊನೆಯವರೆಗೂ ಉಳಿಯಿತು. ಆ ಕೂಸಿಗೆ ಎರೆದವರು ಯಾರು? ಕುರುಬರ ಮಾತಿದೆ, ದೂತರ ಹಾಡಿದೆ, ಜೋಯಿಸರ ದಾರಿಯಿದೆ. ನೀರು ಕಾಯಿಸಿದವರ ಹೆಸರಿಲ್ಲ. “ಬರದವ್ರು ಗಣಮಕ್ಕಳು” ಎಂದು ಅವಳೇ ಉತ್ತರ ಕೊಟ್ಟುಕೊಂಡು ಒಲೆಯ ಕಡೆ ತಿರುಗುತ್ತಿದ್ದಳು.

ಇಡೀ ಊರಿಗೆ ನಮ್ಮದೊಂದೇ ಕಿರಿಸ್ತಾನರ ಮನೆ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಮುತ್ತಜ್ಜ ಹುಬ್ಬಳ್ಳಿಯ ಮಿಷನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ನಂಬಿಕೆಯನ್ನೂ ಹಿಡಿದುಕೊಂಡು, ಹೊಲ ಬಿಡಲಾಗದೆ ಊರಿಗೆ ಮರಳಿದವನು. ದೇವಾಲಯಕ್ಕೆ ಹೋಗಬೇಕೆಂದರೆ ಕಲಘಟಗಿಗೆ ಬಂದು ಹುಬ್ಬಳ್ಳಿ ಬಸ್ಸು ಹಿಡಿಯಬೇಕು. ಎಮ್ಮೆ ಈಯುವ ವಾರ, ಬಿತ್ತನೆಯ ವಾರ, ಕಳೆಯ ವಾರ ಎಂದು ಕಳೆದರೆ ವರ್ಷಕ್ಕೆ ಹತ್ತು ಭಾನುವಾರವೂ ಆಗುತ್ತಿರಲಿಲ್ಲ. ಉಳಿದ ದಿನಗಳ ಸಭೆ ಅಡುಗೆಮನೆಯಲ್ಲೇ. ಬೀಸುಕಲ್ಲಿನ ಮುಂದೆ ಅವಳು ಹಾಡುತ್ತಿದ್ದದ್ದು ಮಿಷನ್ನಿನವರು ಕಲಿಸಿದ ಕೀರ್ತನೆಗಳನ್ನು. ಮಾತು ಕನ್ನಡ, ರಾಗ ಜರ್ಮನಿಯದು. ಆ ರಾಗ ಕಲ್ಲಿನ ಸುತ್ತಿಗೆ ಕೂಡುತ್ತಿರಲಿಲ್ಲ. ಕಲ್ಲಂತೂ ಬದಲಾಗುವುದಿಲ್ಲ, ರಾಗವೇ ಬಗ್ಗಿತು. ಒಂದು ಸುತ್ತಿಗೆ ಒಂದು ಎಳೆತ, ಕಾಳು ಹಾಕುವಾಗ ಒಂದು ತಡೆ. 1853ರಲ್ಲಿ ಬಂದು ಮೊದಲ ವರ್ಷಗಳನ್ನು ಧಾರವಾಡ ಸೀಮೆಯಲ್ಲೇ ಕಳೆದ ಕಿಟೆಲ್ ಸಾಹೇಬನಿಗೂ ಈ ತೊಡಕು ಕಂಡಿರಬೇಕು. 1894ರ ನಿಘಂಟಿಗಿಂತ ಎಷ್ಟೋ ಮೊದಲು, 1862ರಲ್ಲಿ, ಅವನು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ ಎಂದು ಬರೆದ. ಆಯಿಗೆ ಕಿಟೆಲ್ ಗೊತ್ತಿರಲಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಕೀರ್ತನೆಯೂ ಮೆಲ್ಲಗೆ ತನ್ನ ಜರ್ಮನ್ ರಾಗಕ್ಕೆ ಮರಳಿತು. ನನಗೆ ಅದು ಸೇರುವುದಿಲ್ಲ.

ಹುಳಿಹಿಟ್ಟಿನ ಸಾಮ್ಯವನ್ನು ಅವಳು ಅರ್ಥ ಮಾಡಿಕೊಂಡ ಬಗೆಯನ್ನು ಹೇಳಲೇಬೇಕು. ಪರಲೋಕ ರಾಜ್ಯವು ಒಬ್ಬ ಹೆಂಗಸು ಮೂರು ಸೇರು ಹಿಟ್ಟಿನಲ್ಲಿ ಅಡಗಿಸಿಟ್ಟ ಹುಳಿಗೆ ಸಮಾನ ಎಂದು ಯೇಸುಸ್ವಾಮಿ ಹೇಳುತ್ತಾನೆ. ಮೂಲದ ಅಳತೆ ಈಗಿನ ಲೆಕ್ಕದಲ್ಲಿ 35–40 ಲೀಟರಿನಷ್ಟು, ಮದುವೆಮನೆಗೆ ಆಗುವಷ್ಟು ಹಿಟ್ಟು. ಕನ್ನಡದವರು ಅದನ್ನು ಮೂರು ಸೇರಿಗೆ ಇಳಿಸಿ ಆ ಹೆಂಗಸಿನ ರಟ್ಟೆಗೆ ಉಪಕಾರ ಮಾಡಿದ್ದಾರೆ. ಆದರೆ ಜೋಳದ ರೊಟ್ಟಿಗೆ ಹುಳಿ ಯಾರು ಹಾಕುತ್ತಾರೆ? ಕುದಿಯುವ ಎಸರು ಹಾಕಿ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕುವುದು. ಕಾಯುವ ಪ್ರಶ್ನೆಯೇ ಇಲ್ಲ. ಆಯಿ ಆ ಮಾತನ್ನು ಹಾಲಿಗೆ ತಂದಳು. ಹುಳಿ ಎಂದರೆ ಹೆಪ್ಪು. ರಾತ್ರಿ ಒಂದು ಚಮಚ ಹಾಕಿ ಮುಚ್ಚಿಟ್ಟು ಮಲಗಿದರೆ ಯಾರೂ ನೋಡದಿರುವಾಗ ಗಡಿಗೆಗೆ ಗಡಿಗೆಯೇ ಮೊಸರು. ನಮ್ಮ ಮನೆಯ ಹೆಪ್ಪು ಕೆಟ್ಟ ದಿನ ನನ್ನನ್ನು ಪಕ್ಕದ ಗೌಡರ ಮನೆಗೆ ಬಟ್ಟಲು ಕೊಟ್ಟು ಅಟ್ಟುತ್ತಿದ್ದಳು. ಅವರದು ಕೆಟ್ಟರೆ ಗೌಡತಿ ನಮ್ಮಲ್ಲಿಗೆ. ಹಾಗಾಗಿ ಮೂರು ತಲೆಮಾರಿನಿಂದ ಎರಡೂ ಮನೆಯಲ್ಲಿ ಒಂದೇ ಹೆಪ್ಪು, ಲಿಂಗಪೂಜೆಯ ಮನೆಯದೋ ಶಿಲುಬೆಯ ಮನೆಯದೋ ಹೇಳಲು ಬಾರದು.

ಒಲೆಗೆ ಬೆಂಕಿ ಹಾಕುವ ಮೊದಲು ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕುವುದು ಅವಳ ದಿನದ ಮೊದಲ ಪ್ರಾರ್ಥನೆ. ಕಣ್ಣು ಮುಚ್ಚುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಮಿಜೋರಾಮಿನ ಸಭೆಗಳಲ್ಲಿ ಹೆಣ್ಣುಮಕ್ಕಳು 1910ರಿಂದ ಹೀಗೇ ಹಿಡಿ ಅಕ್ಕಿ ಎತ್ತಿಡುತ್ತ ಬಂದಿದ್ದಾರೆ. ಅದರ ಮೇಲೆ ಅಲ್ಲಿಯ ಎಷ್ಟೋ ಕೆಲಸ ನಡೆಯುತ್ತದೆ. ಮಠದ ಕಂತಿಭಿಕ್ಷೆಗೆ ಜೋಳ ತೆಗೆದಿಡುವ ಗೌಡತಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. “ನಿಮ್ಮ ಅಯ್ನೋರಿಗೆ ನೀವು, ನಮ್ಮ ಅಯ್ನೋರಿಗೆ ನಾವು” ಎಂದು ಲೆಕ್ಕ ಮುಗಿಸಿದಳು. ಸುಗ್ಗಿ ಹಬ್ಬದ ಆರಾಧನೆಗೆ ಆ ಗಡಿಗೆಯ ಜೋಳ, ಜೊತೆಗೆ ಹಿತ್ತಲಿನ ಒಂದು ಕುಂಬಳಕಾಯಿ ಹುಬ್ಬಳ್ಳಿಗೆ ಹೋಗುತ್ತಿದ್ದವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ಒಂದು ವರ್ಷ ತನ್ನ ಕುಂಬಳಕಾಯಿಗೆ ಸವಾಲು ಏರದೆ ನಿಂತದ್ದನ್ನು ನೋಡಲಾರದೆ ಆಯಿ ತಾನೇ ಕೂಗಿದಳು. ಗಂಡಸರ ಸಾಲಿನಲ್ಲಿ ಕೂತ ಕಾಕಾನಿಗೆ ಕೂಗಿದವರು ಯಾರೆಂದು ಕಾಣದೆ, ಅವ್ವನ ಕಾಯಿ ಪರರ ಪಾಲಾಗಬಾರದೆಂದು ಅವನೂ ಏರಿಸಿದ. ತಾಯಿ ಮಗ ಸೇರಿ ಅದನ್ನು ಆ ದಿನದ ಅತಿ ದುಬಾರಿ ಕುಂಬಳಕಾಯಿ ಮಾಡಿದರು. ಅದು ಮತ್ತೆ ಅದೇ ಬಸ್ಸಿನಲ್ಲಿ, ಅವಳ ತೊಡೆಯ ಮೇಲೆ ಕೂತು ತಂಬೂರಿಗೆ ಬಂತು. ಗೌಡರ ಮನೆಗೂ ಒಂದು ಹೋಳು ಹೋಯಿತು.

ಆಯಿ ಈಗಿಲ್ಲ. ಮನೆಗೆ ಸ್ಲ್ಯಾಬ್ ಬಿದ್ದಿದೆ. ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಹೇಳುತ್ತಾರೆ. ಇದ್ದೊಂದು ಎಮ್ಮೆಗೆ ಹಿತ್ತಲಿನಲ್ಲಿ ತಗಡಿನ ಶೆಡ್ಡು, ಆಯಿ ಬೈಯುತ್ತಿದ್ದ ಕಾರ್ಡಿನ ಚಿತ್ರದಂಥದು. ಆದರೆ ತಲಬಾಗಿಲ ಒಳಗಿನ ತಗ್ಗನ್ನು ನನ್ನ ತಮ್ಮ ತುಂಬಿಸಿಲ್ಲ. ಅಲ್ಲೀಗ ಅವನ ಮೋಟಾರ್ ಸೈಕಲ್ ನಿಲ್ಲುತ್ತದೆ.

ಹೋದ ಡಿಸೆಂಬರಿನಲ್ಲಿ ನಾನು ಹುಬ್ಬಳ್ಳಿಯಿಂದ ಪ್ಲಾಸ್ಟರ್ ಗೊಂಬೆಗಳ ಒಂದು ಡಬ್ಬಿ ಒಯ್ದಿದ್ದೆ. ಮರಿಯಳು, ಯೋಸೇಫ, ಮೂವರು ಜೋಯಿಸರು, ಜೊತೆಗೆ ಗುಡಿಸಲು ಮಾಡಲು ತೆಳ್ಳನೆಯ ಹಲಗೆಗಳು. ತಮ್ಮನ ಹೆಂಡತಿ ಕರ್ಚಿಕಾಯಿಗೆ ಹೂರಣ ತುಂಬುತ್ತ ಕೂತಿದ್ದವಳು ಹಲಗೆಗಳನ್ನು ನೋಡಿ ಪಕ್ಕಕ್ಕೆ ಇಟ್ಟಳು.

“ಇವೆಲ್ಲ ಯಾಕ್ರಿ ವೈನಿ? ಗಾಡಿ ಹೊರಗ ಹಚ್ಚಸ್ತೀನಿ, ಅಲ್ಲೇ ಇಡ್ರಿ. ದನಾ ಅಲ್ಲೇ ಕಟ್ಟತಿದ್ರಂತಲ್ಲ?”

ಗಂಡನನ್ನು ಕರೆದು ಗಾಡಿ ಹೊರಗೆ ಹಾಕಿಸಿದಳು. ನೆಲಕ್ಕೆ ನೀರು ಹೊಡೆದಳು. ಗೌಡರ ಮನೆಯಿಂದ ಒಂದು ಹಿಡಿ ಒಣಹುಲ್ಲು ತರಲು ಮಗನನ್ನು ಅಟ್ಟಿದಳು. ಅಷ್ಟಾದರೂ ಪೆಟ್ರೋಲಿನ ವಾಸನೆ ಹೋಗಲಿಲ್ಲ. ಒಳಗೆ ಹೋಗಿ ಕೆಂಡ ತಂದಳು, ಮೇಲೆ ಲೋಬಾನ ಉದುರಿಸಿದಳು.