ಎಲ್ಲರಿಗೂ ಬ್ಯಾಟೇ ಬೇಕು!

ನಮ್ಮ ಸಿಂಧನೂರು ಸೀಮೆಯ ಭತ್ತದ ರೈತನಿಗೂ ಬೆಂಗಳೂರು ಕ್ರಿಕೆಟ್ ತಂಡದ ಅಭಿಮಾನಿಗೂ ಒಂದು ಹೋಲಿಕೆಯಿದೆ. ಇಬ್ಬರ ಮಾತೂ 'ಈ ಸಲ' ಎಂದೇ ಆರಂಭವಾಗುತ್ತದೆ. 'ಈ ಸಲ ಎಡದಂಡೆ ಕಾಲುವೆ ನೀರು ಕೊನೇ ಹೊಲದ ತನಕ ಬರ್ತದ' ಎಂದು ಒಬ್ಬ. 'ಈ ಸಲ ಕಪ್ ನಮ್ದೇ' ಎಂದು ಇನ್ನೊಬ್ಬ. ಗೊರೇಬಾಳದಂಥ ಊರಿನಲ್ಲಿ ಎಷ್ಟೋ ವೇಳೆ ಇವರಿಬ್ಬರೂ ಒಬ್ಬನೇ ಆಗಿರುತ್ತಾನೆ. ಹಗಲು ನೀರಿನ ಚಿಂತೆ, ರಾತ್ರಿ ರನ್ನಿನ ಚಿಂತೆ!

2008ರಲ್ಲಿ ಐಪಿಎಲ್ ಶುರುವಾದಾಗಿನಿಂದ ನಾನೂ ರಾಯಲ್ ಚಾಲೆಂಜರ್ಸ್ ತಂಡದ ಅಭಿಮಾನಿ. ಮಾಸ್ತರಿಕೆ ಮಾಡುವವನಿಗೆ ಸೋಲು ಹೊಸದಲ್ಲ. ಪ್ರತಿ ವರ್ಷ ಫಲಿತಾಂಶದ ದಿನ ಅಷ್ಟಿಷ್ಟು ಸೋಲು ನಮಗೂ ಬಂದೇ ಬರುತ್ತದೆ. ಆದರೆ ಈ ತಂಡ ಸೋಲುತ್ತಿದ್ದ ರೀತಿ ಇತ್ತಲ್ಲ, ಅದು ಹೊಟ್ಟೆ ಉರಿಸುತ್ತಿತ್ತು. ಕಾರಣವನ್ನು ಒಂಬತ್ತನೇ ತರಗತಿಯ ಹುಡುಗನೂ ಹೇಳುತ್ತಿದ್ದ: ರನ್ ಹೊಡೆಯುವವರು ಬೇಕಾದಷ್ಟು, ರನ್ ತಡೆಯುವವರು ಕಡಿಮೆ.

2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ 66 ಎಸೆತಗಳಲ್ಲಿ ಔಟಾಗದೆ 175 ಹೊಡೆದರು. ತಂಡದ ಮೊತ್ತ 5 ವಿಕೆಟಿಗೆ 263. ಸರಿಯಾಗಿ ನಾಲ್ಕು ವರ್ಷದ ನಂತರ, 2017ರಲ್ಲಿ ಅದೇ ಏಪ್ರಿಲ್ 23ರಂದು, ಕೋಲ್ಕತ್ತದಲ್ಲಿ ಇದೇ ತಂಡ 49 ರನ್ನಿಗೆ ಗಂಟು ಮೂಟೆ ಕಟ್ಟಿತು. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಸೇರಿ 15 ರನ್. ಎರಡಂಕಿ ಮುಟ್ಟಿದವರು ಒಬ್ಬರೂ ಇಲ್ಲ. ಮೂರೇ ಕಂಬದ ಮೇಲೆ ಚಪ್ಪರ ಹಾಕಿದರೆ ಹೀಗೆಯೇ. ನಿಂತಾಗ ಊರೆಲ್ಲ ನೋಡುವಂತೆ ನಿಲ್ಲುತ್ತದೆ, ಬಿದ್ದಾಗ ಪೂರ್ತಿ ಬೀಳುತ್ತದೆ.

ಎಲ್ಲಕ್ಕಿಂತ ನೋವಾದದ್ದು 2016ರ ಫೈನಲ್. ಆ ವರ್ಷ ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಡನೆ 973 ರನ್ ಗಳಿಸಿದ್ದರು. ಹೈದರಾಬಾದಿನ 208 ರನ್ ಬೆನ್ನಟ್ಟಿ ಮೊದಲ ವಿಕೆಟಿಗೇ 114 ರನ್ ಬಂತು. ಆದರೂ ನಾವು 8 ರನ್ನಿನಿಂದ ಸೋತೆವು. ಎಲ್ಲರೂ ಬ್ಯಾಟಿಂಗ್ ಕುಸಿತವನ್ನು ಬೈದರು. ನಾನು ಮಾತ್ರ ಅದಕ್ಕೂ ಹಿಂದಿನ ಲೆಕ್ಕ ನೋಡುತ್ತಿದ್ದೆ: ಹೈದರಾಬಾದ್ ತನ್ನ ಕೊನೆಯ ಒಂದೇ ಓವರಿನಲ್ಲಿ 24 ರನ್ ಬಾಚಿಕೊಂಡಿತ್ತು. 8 ರನ್ನಿನ ಸೋಲಿಗೆ 24 ರನ್ನಿನ ಓವರು!

2024ರ ಏಪ್ರಿಲ್ 15ರಂದು ಅದೇ ಹೈದರಾಬಾದ್ ತಂಡ ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ 287 ಹೊಡೆಯಿತು. ನಮ್ಮವರೂ 262 ಮಾಡಿ ಸೋತರು. ನಮ್ಮ ಸುತ್ತಿನ ಕ್ಯಾಂಪುಗಳ ತೆಲುಗು ಮನೆಗಳ ಹುಡುಗರು ಸಹಜವಾಗಿಯೇ ಹೈದರಾಬಾದ್ ಪಕ್ಷದವರು. ಮರುದಿನ ಚಹಾದಂಗಡಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ನಗುತ್ತ ಕೇಳಿದ: "ಸರ, ಇನ್ನೆಷ್ಟು ಹೊಡೆದ್ರ ನಿಮ್ಮವ್ರು ಗೆಲ್ತಾರ್ರಿ?" ಅವನು ಕೇಳಿದ್ದು ತಮಾಷೆಗೆ. ಆದರೆ ಸರಿಯಾದ ಪ್ರಶ್ನೆ ಅದೇ ಆಗಿತ್ತು.

ಸ್ವಲ್ಪ ವಿಜ್ಞಾನ ಹೇಳುತ್ತೇನೆ, ಬೇಸರಿಸಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರತೀರದ ಊರುಗಳಿಗಿಂತ ಶೇಕಡ 8ರಿಂದ 10ರಷ್ಟು ಕಡಿಮೆ. ಹೊಡೆದ ಚೆಂಡಿಗೆ ಗಾಳಿಯ ತಡೆ ಕಡಿಮೆಯಾಗಿ ಅದು ಇನ್ನಷ್ಟು ದೂರ ಹೋಗುತ್ತದೆ. ಮೈದಾನವೂ ಚಿಕ್ಕದು. ಅಂಥ ಕಡೆ ರನ್ ಎಂಬುದು ಸುಗ್ಗಿಯಲ್ಲಿ ಸಿಗುವ ಟೊಮೆಟೊ ಇದ್ದ ಹಾಗೆ. ಎಲ್ಲರ ಬುಟ್ಟಿಯಲ್ಲೂ ಇರುತ್ತದೆ. ಗಾಳಿಗೆ ನಮ್ಮ ತಂಡ, ಅವರ ತಂಡ ಎಂಬ ಭೇದವಿಲ್ಲವಲ್ಲ! ಅಲ್ಲಿ ದುರ್ಲಭವಾದದ್ದು ರನ್ ತಡೆಯುವ ಕೈ. ನಮ್ಮವರು ಬಹಳ ವರ್ಷ ಸುಲಭವಾಗಿ ಸಿಗುವುದಕ್ಕೇ ಹೆಚ್ಚು ಬೆಲೆ ಕಟ್ಟಿದರು.

ಈ ಮಾತು ನಮ್ಮ ರೈತರಿಗೆ ಬೇಗ ತಿಳಿಯುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಒಂದು ನಿಯಮವನ್ನು ಪ್ರಚಾರಕ್ಕೆ ತಂದರು. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಕೊರತೆಯಾಗಿರುವ ಪೋಷಕಾಂಶ. ಗದ್ದೆಯಲ್ಲಿ ಸತುವು ಕಡಿಮೆಯಾಗಿ ಭತ್ತದ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದಾಗ ಯೂರಿಯಾ ಸುರಿದರೆ ಏನಾಗುತ್ತದೆ? ಸತುವಿನ ಕೊರತೆ ತುಂಬುವುದಿಲ್ಲ. ಯೂರಿಯಾ ಅತಿಯಾದರೆ ಪೈರು ಕಡು ಹಸಿರಾಗಿ ಎತ್ತರಕ್ಕೆ ಬೆಳೆದು ನೋಡುವವರ ಕಣ್ಣು ತುಂಬುತ್ತದೆ. ಆಮೇಲೆ ಕಂದು ಜಿಗಿಹುಳು ಬರುತ್ತದೆ, ಗಾಳಿಗೆ ಪೈರು ನೆಲಕ್ಕೆ ಒರಗುತ್ತದೆ. ಎಷ್ಟೋ ವರ್ಷ ನಮ್ಮ ತಂಡದ ಸ್ಥಿತಿಯೂ ಇದೇ. ಸೋತಾಗಲೆಲ್ಲ ಇನ್ನೊಂದು ಚೀಲ ಯೂರಿಯಾ, ಅಂದರೆ ಇನ್ನೊಬ್ಬ ಬ್ಯಾಟ್ಸ್‌ಮನ್.

ಕೊರತೆ ಯಾವಾಗಲೂ ಬೌಲಿಂಗಿನದೇ ಆಗಿತ್ತೆಂದು ಹೇಳಿದರೆ ಅದೂ ಅನ್ಯಾಯ. 2009ರ ಫೈನಲ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರು. ಗೆಲ್ಲಲು ಬೇಕಾದ 144 ರನ್ ಹೊಡೆಯಲಾಗದೆ ತಂಡ 6 ರನ್ನಿನಿಂದ ಸೋತಿತು. ಆ ದಿನ ಬಡವಾದದ್ದು ಬ್ಯಾಟು. ಲೀಬಿಗ್ ನಿಯಮಕ್ಕೆ ಯಾರ ಮೇಲೂ ಪಕ್ಷಪಾತವಿಲ್ಲ.

ಇಷ್ಟೆಲ್ಲ ಬೈದರೂ, ತಂಡದ ಮಾಲೀಕರದೊಂದೇ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಸಂಜೆ ಶಾಲೆಯ ಮೈದಾನಕ್ಕೆ ಬನ್ನಿ. ಬ್ಯಾಟ್ ತಂದವನದೇ ಮೊದಲ ಬ್ಯಾಟಿಂಗ್. ಅವನ ನಂತರ ಅವನ ಗೆಳೆಯರು. ಬ್ಯಾಟ್ ಕೊಳ್ಳಲಾಗದ ಮನೆಯ ಹುಡುಗರು ಸೂರ್ಯ ಮುಳುಗುವ ತನಕ ಚೆಂಡು ಎಸೆಯುತ್ತಾರೆ, ಜಾಲಿಮುಳ್ಳಿನ ನಡುವೆ ನುಗ್ಗಿ ಚೆಂಡು ತರುತ್ತಾರೆ. ಅವರ ಪಾಳಿ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ, ಬ್ಯಾಟಿನ ಧಣಿ ಮನೆಗೆ ಹೊರಟಿರುತ್ತಾನೆ! ಕೂಲಿ ಮಾಡುವ ತಂದೆಯೊಬ್ಬ ಒಮ್ಮೆ ನನ್ನನ್ನು ನಿಲ್ಲಿಸಿ ಕೇಳಿದ: "ಮಾಸ್ತರ್ರ, ನಮ್ಮ ಹುಡುಗ ದಿನಾ ಚೆಂಡು ಒಗದು ಒಗದು ಭುಜ ನೋವಂತ ಬರ್ತಾನ್ರಿ. ಬ್ಯಾಟ್ ಹಿಡಿಯೋ ಪಾಳಿ ಅವಂದು ಯಾವಾಗ್ರಿ?" ನನ್ನಲ್ಲಿ ಉತ್ತರವಿರಲಿಲ್ಲ. ದೈಹಿಕ ಶಿಕ್ಷಕರೊಡನೆ ಮಾತಾಡಿದೆ. ಅವರು ಒಂದು ಕಟ್ಟಳೆ ತಂದರು: ಇವತ್ತು ಚೆನ್ನಾಗಿ ಚೆಂಡು ಹಾಕಿದವನಿಗೆ ನಾಳೆ ಮೊದಲ ಬ್ಯಾಟಿಂಗ್. ವಾರ ಕಳೆಯುವುದರೊಳಗೆ ಚೆಂಡಿಗಾಗಿ ಕೈಗಳು ಮೇಲೇಳತೊಡಗಿದವು, ಬ್ಯಾಟಿನ ಧಣಿಯ ಕೈಯೂ ಸೇರಿ.

ದೊಡ್ಡ ಮೈದಾನದಲ್ಲೂ ಕಾಲ ತಿರುಗಿತು. ಮೊದಲು ತಿರುಗಿಸಿದವರು ಹೆಣ್ಣುಮಕ್ಕಳು ಎಂಬುದನ್ನು ಮರೆಯಬಾರದು. 2024ರ ಮಾರ್ಚ್ 17ರ ಮಹಿಳಾ ಫೈನಲ್‌ನಲ್ಲಿ ವಿಕೆಟ್ ನಷ್ಟವಿಲ್ಲದೆ 64 ಮಾಡಿದ್ದ ದೆಹಲಿಯನ್ನು ನಮ್ಮ ಸ್ಪಿನ್ನರುಗಳು 113ಕ್ಕೆ ಕಟ್ಟಿಹಾಕಿದರು. ನಮ್ಮ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ ಪಡೆದರು. ತಂಡಕ್ಕೆ ಮೊದಲ ಕಪ್ ತಂದದ್ದು ಬೌಲಿಂಗ್.

2025ರಲ್ಲಿ ಗಂಡಸರೂ ಪಾಠ ಒಪ್ಪಿಸಿದರು. ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯ ಬಂದರು. ಲೀಗ್ ಹಂತದಲ್ಲಿ ಹೊರ ಊರಿನ ಏಳು ಪಂದ್ಯಗಳನ್ನೂ ಗೆದ್ದರು. ಒಂಬತ್ತು ಬೇರೆ ಬೇರೆ ಆಟಗಾರರು ಪಂದ್ಯಶ್ರೇಷ್ಠರಾದರು. ಜೂನ್ 3ರ ಫೈನಲ್‌ನಲ್ಲಿ ನಮ್ಮವರಲ್ಲಿ ಒಬ್ಬರೂ ಅರ್ಧಶತಕ ಹೊಡೆಯಲಿಲ್ಲ. ಕೊಹ್ಲಿಯ 43 ರನ್ನೇ ಹೆಚ್ಚು. ಕೃಣಾಲ್ ನಾಲ್ಕು ಓವರಿನಲ್ಲಿ 17 ರನ್ ಮಾತ್ರ ಕೊಟ್ಟು 2 ವಿಕೆಟ್ ಪಡೆದರು. ಪಂಜಾಬಿಗೆ ಕೊನೆಯ ಓವರಿನಲ್ಲಿ 29 ಬೇಕಿತ್ತು, 22 ಬಂದವು. 6 ರನ್ನಿನ ಗೆಲುವು. 973 ರನ್ ತರಲಾಗದ ಕಪ್ಪನ್ನು 17 ರನ್ನಿನ ನಾಲ್ಕು ಓವರು ತಂದವು.

ಮರುದಿನ ಬೆಂಗಳೂರಿನ ಮೈದಾನದ ಹೊರಗೆ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡರು. ಆ ಮನೆಗಳ ದುಃಖದ ಮುಂದೆ ಯಾವ ಕಪ್ಪೂ ಸಣ್ಣದು. ಅಭಿಮಾನಕ್ಕೂ ಒಂದು ದಂಡೆ ಬೇಕು ಎಂದು ಮಕ್ಕಳಿಗೆ ಹೇಳದೆ ಈ ಆಟದ ಕಥೆ ಮುಗಿಸುವುದು ಸಾಧ್ಯವಿಲ್ಲ.

ಪಾಲಕರಲ್ಲಿ ನನ್ನದೊಂದು ಕೋರಿಕೆ. ಮಗನಿಗೆ ಗಣಿತದಲ್ಲಿ 90 ಬಂದರೆ 98 ಮಾಡಿಸಲು ಇನ್ನೊಂದು ಟ್ಯೂಷನ್ ಹಚ್ಚುತ್ತೀರಿ. ಆದರೆ ಕನ್ನಡದಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯಲು ಅವನಿಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ನಪಾಸಾದರೆ ಉಳಿದವುಗಳ ಅಂಕ ಅವನನ್ನು ಪಾಸು ಮಾಡುವುದಿಲ್ಲ. ಮಕ್ಕಳ ಬಲ ಏನೆಂದು ಊರಿಗೆಲ್ಲ ಗೊತ್ತಿರುತ್ತದೆ. ಕೊರತೆ ಎಲ್ಲಿದೆ ಎಂದು ಕುಳಿತು, ಬೈಯದೆ ಕೇಳಬೇಕಾದವರು ನಾವು ಮತ್ತು ನೀವು.

ಇನ್ನು ವಿದ್ಯಾರ್ಥಿಗಳಿಗೆ: ಸಿಕ್ಸರಿಗೆ ಧಾರಾಳವಾಗಿ ಕೇಕೆ ಹಾಕಿ, ನಾನೂ ಹಾಕುತ್ತೇನೆ. ಆದರೆ ಒಂದು ಸರದಿಯಲ್ಲಿ 120 ಚೆಂಡುಗಳಿವೆ. ರನ್ ಬಾರದೆ ಸುಮ್ಮನೆ ವಿಕೆಟ್ ಕೀಪರಿನ ಕೈ ಸೇರುವ ಚೆಂಡಿಗೂ ಒಂದು ಚಪ್ಪಾಳೆ ಇರಲಿ. ಅದನ್ನು ಹಾಕಿದವನ ಭುಜ ನೋಯುತ್ತಿರುತ್ತದೆ.